ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೇ ಇಲ್ಲ, ರಿಪೋರ್ಟ್ ಮಾತ್ರ ನಾರ್ಮಲ್!

ದಾವಣಗೆರೆ ಟೀಚರ್ | ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 43 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಕೋವಿಡ್ ಬಂತು. ಆಸ್ಪತ್ರೆಗೆ ಸೇರುವಷ್ಟೇನೂ ಆಗಲಿಲ್ಲ. ಹನ್ನೊಂದು ದಿನ ಮನೆಯಲ್ಲೇ ಒಂದು ಕೋಣೆಯಲ್ಲಿದ್ದೆ. ಜ್ವರ ಹೋಯಿತು, ಹೋಗಿದ್ದ ವಾಸನೆ ವಾಪಸ್ ಬಂತು. ನಿದ್ದೆ ಮಾತ್ರ ವಾಪಸ್ ಬರಲಿಲ್ಲ.

ನಿದ್ದೆ ಹತ್ತುವುದಿಲ್ಲ ಅಂತಲ್ಲ. ಹತ್ತು ಗಂಟೆಗೆ ದಿಂಬಿಗೆ ತಲೆ ಕೊಟ್ಟರೆ ಹತ್ತೂಕಾಲಿಗೆ ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ಆರೂವರೆಗೆ ಏಳುತ್ತೇನೆ. ಆದರೆ ಏಳುವಾಗ ಮೈ ಹೇಗಿರುತ್ತದೆ ಅಂದರೆ, ರಾತ್ರಿಯಿಡೀ ಯಾರದೋ ಮದುವೆ ಮನೆಯಲ್ಲಿ ಪಾತ್ರೆ ತೊಳೆದು ಬಂದ ಹಾಗೆ. ಭಾನುವಾರ ಬಟ್ಟೆ ಒಗೆದು, ಮನೆ ಒರೆಸಿ, ಮಾರ್ಕೆಟ್ಟಿಗೆ ಹೋಗಿ ಬಂದೆ ಅಂದರೆ ಸೋಮವಾರ, ಮಂಗಳವಾರ ಎರಡೂ ಮುಗೀತು. ಬೋರ್ಡಿನ ಮೇಲೆ ವರ್ಗಸಮೀಕರಣ ಬಿಡಿಸುತ್ತಾ ಯಾವ ಸಾಲಿನಲ್ಲಿದ್ದೆ ಅಂತ ಮರೆತು ನಿಂತುಬಿಡುತ್ತೇನೆ. ಹಿಂದಿನ ಬೆಂಚಿನವರು ‘ಮಿಸ್, ಮೈನಸ್ ಬಿಟ್ಟಿರಿ’ ಅಂತಾರೆ.

ಹೋದ ತಿಂಗಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದೆ. ತಲೆ ತುಂಬಾ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ರಿಪೋರ್ಟಿನಲ್ಲಿ ಒಟ್ಟು ನಿದ್ದೆ 6 ಗಂಟೆ 50 ನಿಮಿಷ, ಗಾಢ ನಿದ್ದೆ ಶೇಕಡಾ 17, ಉಸಿರಾಟಕ್ಕೆ ಅಡ್ಡಿ ಗಂಟೆಗೆ 3 ಸಲ. ಕೆಳಗೆ ‘ನಾರ್ಮಲ್’. ಡಾಕ್ಟರು ಎರಡು ನಿಮಿಷ ನೋಡಿ ‘ಏನೂ ಇಲ್ಲಮ್ಮ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಅಂದರು. ಬೆಳಿಗ್ಗೆ ವೈರು ಕೀಳುವಾಗ ಅಲ್ಲಿನ ಹುಡುಗ ಮಾತ್ರ ಸುಮ್ನೆ ಒಂದು ಮಾತು ಅಂದಿದ್ದ: ‘ಮೇಡಂ, ನಿಮ್ಮದು ಆಲ್ಫಾ ಜಾಸ್ತಿ ಇದೆ.’ ಆ ಮಾತು ತಲೆಯಲ್ಲೇ ಕೂತಿದೆ. ಏನದು ಆಲ್ಫಾ? ವೈರಸ್ ಹೋಗಿ ಇಷ್ಟು ವರ್ಷವಾದ ಮೇಲೂ ಮಲಗಿದಾಗ ಮಿದುಳಿನಲ್ಲಿ ಏನಾದರೂ ನಡೆಯುತ್ತಿರುತ್ತದಾ? ಗೊತ್ತಿರುವವರು ಹೇಳಿ.


ಅಜ್ಜಿ ಮನೆ ಮದ್ದು | ಭಾನುವಾರ, ರಾತ್ರಿ 9:31

ಜಾಯಿಕಾಯಿ ತೇಯ್ದು ಬಿಸಿ ಹಾಲಿಗೆ ಹಾಕಿ ಕುಡಿಯಿರಿ. ಮೊಬೈಲ್ ಪಕ್ಕದ ಕೋಣೆಯಲ್ಲಿಡಿ. ಒಂದು ವಾರದಲ್ಲಿ ಸರಿಹೋಗುತ್ತೆ.


ದಾವಣಗೆರೆ ಟೀಚರ್ | ಭಾನುವಾರ, ರಾತ್ರಿ 9:40

ಜಾಯಿಕಾಯಿಯೂ ಆಯ್ತು, ಗಸಗಸೆ ಪಾಯಸವೂ ಆಯ್ತು ಸಾರ್. ನಿದ್ದೆ ಬರುತ್ತಿಲ್ಲ ಅನ್ನುವುದು ನನ್ನ ದೂರಲ್ಲ. ಬಂದ ನಿದ್ದೆ ಕೆಲಸ ಮಾಡುತ್ತಿಲ್ಲ ಅನ್ನುವುದು.


ರಾತ್ರಿಪಾಳಿ | ಸೋಮವಾರ, ಬೆಳಗಿನ ಜಾವ 3:52

ಮೇಡಂ, ನಾನು ಬೆಂಗಳೂರಿನ ಒಂದು ಸ್ಲೀಪ್ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಟೆಕ್ನಿಷಿಯನ್. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬೇರೆಯವರ ಮಿದುಳಿನ ಅಲೆ ನೋಡುತ್ತಾ ಕೂರುವುದೇ ನನ್ನ ಹೊಟ್ಟೆಪಾಡು. ಈಗಲೂ ಎದುರಿನ ಪರದೆಯಲ್ಲಿ ಒಬ್ಬರು ಮಲಗಿದ್ದಾರೆ.

ಎಚ್ಚರವಾಗಿದ್ದು ಕಣ್ಣು ಮುಚ್ಚಿ ಹಾಯಾಗಿ ಇರುವಾಗ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಸಲ ಬರುವ ಅಲೆ ಆಲ್ಫಾ. ಮನುಷ್ಯರ ಇಇಜಿಯನ್ನು, ಅಂದರೆ ಮಿದುಳಿನ ಅಲೆಗಳ ದಾಖಲೆಯನ್ನು, ಮೊದಲು ತೆಗೆದ ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಲೋಕಕ್ಕೆ ತೋರಿಸಿದ್ದು ಇದನ್ನೇ. ಲೈಟ್ ಆರಿಸುವ ಮುಂಚೆ ಮೈಕಿನಲ್ಲಿ ‘ಕಣ್ಣು ಮುಚ್ಚಿ, ತೆರೆಯಿರಿ, ಹಲ್ಲು ಕಚ್ಚಿ, ಗೊರಕೆ ಥರ ಶಬ್ದ ಮಾಡಿ’ ಅಂತ ನಿಮ್ಮಿಂದ ಸರ್ಕಸ್ ಮಾಡಿಸಿರುತ್ತಾರಲ್ಲ? ಕಣ್ಣು ಮುಚ್ಚಿದ ತಕ್ಷಣ ನಮ್ಮ ಪರದೆಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಆಲ್ಫಾ ಬರುತ್ತದೆ. ಕಣ್ಣು ತೆರೆದರೆ ಮಾಯ.

ನಿದ್ದೆ ಹತ್ತಿದ ಮೇಲೆ ಇದು ಜಾಗ ಬಿಡಬೇಕು. ಗಾಢ ನಿದ್ದೆಗೆ ಇಳಿದಾಗ ಬರುವುದು ಡೆಲ್ಟಾ. ಸೆಕೆಂಡಿಗೆ ಒಂದೋ ಎರಡೋ, ಅಷ್ಟೇ. ಆದರೆ ಎತ್ತರ ಜಾಸ್ತಿ, ಮಲ್ಪೆ ಕಡಲಿನ ದೊಡ್ಡ ತೆರೆ ಥರ. ಕೆಲವರಲ್ಲಿ ಏನಾಗುತ್ತದೆ ಅಂದರೆ, ಈ ದೊಡ್ಡ ತೆರೆಯ ಬೆನ್ನ ಮೇಲೇ ಸಣ್ಣ ಆಲ್ಫಾ ಕೂತಿರುತ್ತದೆ. ಮಿದುಳಿನ ಅರ್ಧ ಆಫೀಸು ಬಾಗಿಲು ಹಾಕಿದೆ, ಇನ್ನರ್ಧದಲ್ಲಿ ಲೈಟ್ ಉರಿಯುತ್ತಿದೆ ಅನ್ನಿ. ಹೌರಿ ಮತ್ತು ಹಾಕಿನ್ಸ್ ಅನ್ನುವವರು 1973ರಲ್ಲೇ ಇದಕ್ಕೆ ‘ಆಲ್ಫಾ-ಡೆಲ್ಟಾ ನಿದ್ದೆ’ ಅಂತ ಹೆಸರಿಟ್ಟರು.

ಹಾಗಿದ್ದರೆ ನಿಮ್ಮ ರಿಪೋರ್ಟ್ ಯಾಕೆ ನಾರ್ಮಲ್? ಕೇಳಿ. ನಾವು ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡು ಮಾಡಿ ಒಂದೊಂದಕ್ಕೂ ಒಂದು ಹಂತ ಬರೆಯುತ್ತೇವೆ. ನಿಮ್ಮ 6 ಗಂಟೆ 50 ನಿಮಿಷ ಅಂದರೆ 820 ತುಂಡು. ಒಂದು ತುಂಡಿನ ಐದನೇ ಒಂದು ಭಾಗ, ಅಂದರೆ ಬರೀ 6 ಸೆಕೆಂಡು, 75 ಮೈಕ್ರೋವೋಲ್ಟ್ ದಾಟಿದ ಆ ದೊಡ್ಡ ಅಲೆ ಇದ್ದರೆ ಅದಕ್ಕೆ ಗಾಢ ನಿದ್ದೆ ಅಂತ ಮುದ್ರೆ. ಅದರ ಬೆನ್ನ ಮೇಲೆ ಯಾರು ಕೂತಿದ್ದಾರೆ ಅಂತ ಬರೆಯುವುದಕ್ಕೆ ಕಾಲಂ ಇಲ್ಲ. ಮನಸ್ಸಿದ್ದವರು ಷರಾದಲ್ಲಿ ಒಂದು ಸಾಲು ಬರೆಯುತ್ತಾರೆ. ಬೆಳಿಗ್ಗೆ ಐದೂವರೆಗೆ ಕಣ್ಣು ಎಳೆಯುತ್ತಿರುವಾಗ ನಾನೇ ಎಷ್ಟೋ ಸಲ ಬರೆದಿಲ್ಲ.

ನಿಮ್ಮ ಶೇಕಡಾ 17 ಸುಳ್ಳಲ್ಲ. ಅದು ಲೆಕ್ಕಕ್ಕೆ ಸಿಕ್ಕಿದ್ದು ಮಾತ್ರ.

ಇನ್ನೊಂದು ವಿಷಯ. ರಿಪೋರ್ಟಿನ ಕೊನೇ ಪುಟದಲ್ಲಿ ಕಾಲಿನ ಅಲುಗಾಟ ಗಂಟೆಗೆ ಎಷ್ಟು ಅಂತ ಇರುತ್ತದೆ. ಎಷ್ಟಿದೆ ನೋಡಿ ಹೇಳಿ. ರಕ್ತದಲ್ಲಿ ಫೆರಿಟಿನ್, ಥೈರಾಯ್ಡ್, ಬಿ12 ನೋಡಿಸಿದ್ದೀರಾ?


ದಾವಣಗೆರೆ ಟೀಚರ್ | ಸೋಮವಾರ, ಬೆಳಿಗ್ಗೆ 7:05

ಈಗ ಅರ್ಥವಾಯಿತು. ನಮ್ಮ ಹಾಜರಿ ಪುಸ್ತಕದ ಕಥೆಯೇ. ಹುಡುಗ ಬೆಂಚಿನ ಮೇಲೆ ಕೂತಿದ್ದರೆ ‘ಹಾಜರ್’. ಅವನ ಮನಸ್ಸು ಕ್ರಿಕೆಟ್ ಗ್ರೌಂಡಿನಲ್ಲಿದ್ದರೆ ಅದಕ್ಕೆ ಕಾಲಂ ಇಲ್ಲ! ತುಂಬಾ ಥ್ಯಾಂಕ್ಸ್. ಶಾಲೆಯಿಂದ ಬಂದ ಮೇಲೆ ಕೊನೇ ಪುಟ ಹುಡುಕುತ್ತೇನೆ.


ಟೊರೊಂಟೊ ಚಳಿ | ಸೋಮವಾರ, ಬೆಳಿಗ್ಗೆ 8:20

ನಾನು ಮೂಲ ಹಾಸನ, ಈಗ ಟೊರೊಂಟೊದಲ್ಲಿದ್ದೇನೆ. ನನ್ನ ಹೆಂಡತಿ ಇಲ್ಲಿ ನರ್ಸ್. ಈ ವಿಷಯಕ್ಕೂ ಈ ಊರಿಗೂ ಒಂದು ನಂಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

2003ರಲ್ಲಿ ಸಾರ್ಸ್ (ಕೋವಿಡ್ ವೈರಸ್ಸಿನ ಬಂಧುವಿನಿಂದ ಬರುವ ಜ್ವರ) ಬಂದಾಗ ಏಷ್ಯಾದ ಹೊರಗೆ ಹೆಚ್ಚು ಪೆಟ್ಟು ತಿಂದ ಊರು ಟೊರೊಂಟೊ. ರೋಗ ಹತ್ತಿದವರಲ್ಲಿ ಬಹಳ ಮಂದಿ ಆಸ್ಪತ್ರೆ ಸಿಬ್ಬಂದಿಯೇ. ಬದುಕಿ ಮನೆಗೆ ಬಂದವರಲ್ಲಿ ಒಂದಷ್ಟು ಜನ ವರ್ಷ ಕಳೆದರೂ ಕೆಲಸಕ್ಕೆ ಮರಳಲಾಗಲಿಲ್ಲ. ಸುಸ್ತು, ಮೈಕೈ ನೋವು, ಮಲಗಿ ಎದ್ದರೂ ಹೋಗದ ಆಯಾಸ. ಹಾರ್ವೆ ಮಾಲ್ಡಾಫ್ಸ್ಕಿ ಅಂತ ಇಲ್ಲಿನ ನಿದ್ದೆ ವಿಜ್ಞಾನಿ, ಇನ್ನೊಬ್ಬ ವೈದ್ಯರ ಜೊತೆ ಸೇರಿ ಅಂಥ 22 ಜನರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ನಿದ್ದೆಯ ಇಇಜಿಯಲ್ಲಿ ಕಂಡದ್ದು ರಾತ್ರಿಪಾಳಿಯವರು ಹೇಳಿದ್ದೇ, ನಿದ್ದೆಯೊಳಗೆ ನುಗ್ಗುವ ಆಲ್ಫಾ. ಮೈಯೆಲ್ಲಾ ನೋವಿರುವ ಫೈಬ್ರೋಮಯಾಲ್ಜಿಯ ರೋಗಿಗಳ ನಿದ್ದೆಗೂ ಇದಕ್ಕೂ ಬಹಳ ಹೋಲಿಕೆ ಇತ್ತು.

ಅದೇ ಮಾಲ್ಡಾಫ್ಸ್ಕಿ 1975ರಲ್ಲಿ ಮಾಡಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಆರೋಗ್ಯವಾಗಿದ್ದ ಕಾಲೇಜು ಹುಡುಗರನ್ನು ಮಲಗಿಸಿ, ಗಾಢ ನಿದ್ದೆಗೆ ಇಳಿದಾಗಲೆಲ್ಲ ಶಬ್ದ ಮಾಡಿ ಕೆಡಿಸುತ್ತಿದ್ದರು. ಕೆಲವು ರಾತ್ರಿ ಹೀಗಾದ ಮೇಲೆ ಆ ಹುಡುಗರಿಗೂ ಮೈಕೈ ನೋವು, ಮುಟ್ಟಿದರೆ ನೋವು. ಚೆನ್ನಾಗಿ ಮಲಗಲು ಬಿಟ್ಟಾಗ ಹೋಯಿತು. ಅಂದರೆ ನೋವು ನಿದ್ದೆ ಕೆಡಿಸುವುದಷ್ಟೇ ಅಲ್ಲ, ಕೆಟ್ಟ ನಿದ್ದೆಯೂ ನೋವು ಹುಟ್ಟಿಸುತ್ತದೆ.


ಲೆಕ್ಕ ಕೇಳುವವನು | ಸೋಮವಾರ, ಬೆಳಿಗ್ಗೆ 11:48

ತಣ್ಣೀರೆರಚುತ್ತಿದ್ದೇನೆ, ಕ್ಷಮಿಸಿ. 22 ಜನ ಅಂದರೆ ನಮ್ಮೂರ ಒಂದು ಬೀದಿಯವರೂ ಆಗಲಿಲ್ಲ. ನಿದ್ದೆಯಲ್ಲಿ ಆಲ್ಫಾ ಖಿನ್ನತೆ ಇರುವವರಲ್ಲೂ ಕಾಣುತ್ತದೆ, ವರ್ಷಗಟ್ಟಲೆ ನೋವಿರುವವರಲ್ಲೂ ಕಾಣುತ್ತದೆ, ಏನೂ ತೊಂದರೆ ಇಲ್ಲದ ಕೆಲವರಲ್ಲೂ ಕಾಣುತ್ತದೆ. ಮೇಲಾಗಿ ಹೊಸ ಜಾಗದಲ್ಲಿ, ತಲೆಗೆ ವೈರು ಕಟ್ಟಿಕೊಂಡು ಮಲಗಿದ ಮೊದಲ ರಾತ್ರಿ ಯಾರ ನಿದ್ದೆಯೂ ಮಾಮೂಲಿನಂತೆ ಇರುವುದಿಲ್ಲ. ಆದ್ದರಿಂದ ‘ಆಲ್ಫಾ ಇದೆ, ಹಾಗಾದರೆ ವೈರಸ್ಸೇ ಕಾರಣ’ ಅಂತ ಹಾರಬೇಡಿ. ಹೊಗೆ ಕಂಡಿದೆ, ಒಲೆ ಯಾರ ಮನೆಯದು ಅಂತ ಗೊತ್ತಾಗಿಲ್ಲ.


ರಾತ್ರಿಪಾಳಿ | ಸೋಮವಾರ, ಮಧ್ಯಾಹ್ನ 3:15

ಒಪ್ಪಿದೆ ಸಾರ್. ಆಲ್ಫಾ ನೋಡಿ ರೋಗದ ಹೆಸರು ಹೇಳಲು ಬರುವುದಿಲ್ಲ. ನಾನು ಹೇಳಿದ್ದು ಇಷ್ಟೇ: ‘ನಾರ್ಮಲ್’ ಅಂತ ಬರೆದಿದೆ ಅಂದ ಮಾತ್ರಕ್ಕೆ ಮೇಡಂ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. (ಈಗಷ್ಟೇ ಎದ್ದೆ. ನನ್ನ ನಿದ್ದೆಯ ಕಥೆ ಬೇರೆಯೇ ಇದೆ, ಇನ್ನೊಂದು ದಿನ.)


ಕೌನ್ಸೆಲರ್ ಅಕ್ಕ | ಸೋಮವಾರ, ಸಂಜೆ 6:30

ನಾನು ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಇದ್ದವರಿಗೆ ಔಷಧ ಕೊಡುವ ಒಂದು ಎಆರ್‌ಟಿ ಸೆಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ದೀರ್ಘಕಾಲದ ವೈರಸ್ ಅಂದರೆ ನಮಗೆ ಎಚ್‌ಐವಿಯೇ. ನಿದ್ದೆ ವಿಚಾರದಲ್ಲಿ ಅದರಿಂದ ಕಲಿಯುವುದು ಬಹಳ ಇದೆ.

ಎಂಬತ್ತರ ದಶಕದ ಕೊನೆಗೆ ಅಮೆರಿಕದಲ್ಲಿ, ಎಚ್‌ಐವಿ ಇದ್ದೂ ಬೇರೆ ಯಾವ ತೊಂದರೆಯೂ ಇಲ್ಲದ ಗಂಡಸರ ನಿದ್ದೆಯ ಇಇಜಿ ತೆಗೆದರು. ಸಾಮಾನ್ಯವಾಗಿ ಗಾಢ ನಿದ್ದೆಯೆಲ್ಲ ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ. ಬೆಳಗಿನ ಜಾವ ಕನಸಿನ ನಿದ್ದೆ ಜಾಸ್ತಿ. ಇವರಲ್ಲಿ ಗಾಢ ನಿದ್ದೆ ರಾತ್ರಿಯ ಎರಡನೇ ಅರ್ಧದಲ್ಲೂ ಮತ್ತೆ ಮತ್ತೆ ಬರುತ್ತಿತ್ತು. ಇನ್ನೂ ಕಾಯಿಲೆಯೇ ಶುರುವಾಗಿಲ್ಲ, ಆಗಲೇ ರಾತ್ರಿಯ ವೇಳಾಪಟ್ಟಿ ಅದಲುಬದಲು! ರೋಗ ಬಲಿತಾಗ ನಿದ್ದೆ ಚೂರುಚೂರಾಗುತ್ತಿತ್ತು.

ಆದರೆ ನಮ್ಮ ಸೆಂಟರಿನ ಜನ ಹೇಳುತ್ತಿದ್ದದ್ದು ಬೇರೆ. ಆಗ ಕೊಡುತ್ತಿದ್ದ ಒಂದೇ ಗುಳಿಗೆಯಲ್ಲಿ ಎಫಾವಿರೆನ್ಜ್ ಅನ್ನುವ ಔಷಧ 600 ಮಿಲಿಗ್ರಾಂ ಇರುತ್ತಿತ್ತು. ರಾತ್ರಿ ಮಲಗುವಾಗ ನುಂಗಬೇಕು. ಮೊದಲ ಎರಡು ಮೂರು ವಾರ ಎಂಥೆಂಥಾ ಕನಸು ಅಂತೀರಿ! ಒಬ್ಬ ಲಾರಿ ಡ್ರೈವರ್ ಅಣ್ಣ ಬಂದು ಬಾಗಿಲು ಹಾಕಿಸಿ ಪಿಸುಗುಟ್ಟಿದ: ‘ಅಕ್ಕಾ, ದಿನಾ ರಾತ್ರಿ ಘಾಟಿ ಇಳೀತೀನ್ರಿ, ಬ್ರೇಕ್ ಹಿಡಿಯಂಗಿಲ್ಲ. ಎದ್ದಾಗ ಬಲಗಾಲು ಹಾಸಿಗಿ ಒತ್ತಿ ಹಿಡಿದಿರ್ತೈತಿ.’ ಮೈಮೇಲೆ ಏನೋ ಬಂದಿದೆ ಅಂತ ತಿಳಿದು ದೇವರ ಗುಡಿಗೂ ಹೋಗಿ ಬಂದಿದ್ದ. ನಾಲ್ಕು ದಿನ ಗುಳಿಗೆಯನ್ನೂ ಬಿಟ್ಟಿದ್ದ. ಗುಳಿಗೆ ಎಣಿಸಿದಾಗಲೇ ಅದು ನನಗೆ ಗೊತ್ತಾದದ್ದು. ಇದು ಔಷಧದ ಗುಣ, ಎಣ್ಣೆ ಜಿಡ್ಡಿನ ಊಟದ ಜೊತೆ ನುಂಗಿದರೆ ಇನ್ನೂ ಜಾಸ್ತಿ, ಬರೀ ಹೊಟ್ಟೆಯಲ್ಲಿ ತಗೋ ಅಂತ ಹೇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಭೂತ ಅಲ್ಲ, ಗುಳಿಗೆ ಅಂತ ಗೊತ್ತಾಗಿ ನಕ್ಕುಬಿಟ್ಟ.

ಕೆಲವು ವರ್ಷದಿಂದ ಅದರ ಜಾಗಕ್ಕೆ ಡೊಲುಟೆಗ್ರವಿರ್ ಬಂದಿದೆ. ಕನಸಿನ ಕಾಟ ಕಡಿಮೆ, ಆದರೆ ಕೆಲವರಿಗೆ ನಿದ್ದೆ ಹಾರುತ್ತದೆ. ಅಂಥವರಿಗೆ ಡಾಕ್ಟರು ಬೆಳಿಗ್ಗೆ ತೆಗೆದುಕೊಳ್ಳಲು ಹೇಳುತ್ತಾರೆ.

ಟೀಚರಮ್ಮ, ಇದನ್ನು ಯಾಕೆ ಹೇಳಿದೆ ಅಂದರೆ, ನಿದ್ದೆ ಕೆಟ್ಟಾಗ ವೈರಸ್ಸಾ, ಔಷಧವಾ, ಚಿಂತೆಯಾ ಅಂತ ಬೇರೆ ಬೇರೆ ಮಾಡಿ ನೋಡಬೇಕು. ನೀವು ಬೇರೆ ಯಾವ ಮಾತ್ರೆ ತಗೋತಿದ್ದೀರಿ? ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಎಆರ್‌ಟಿಯಲ್ಲಿದ್ದರೆ, ಕನಸಿಗೆ ಹೆದರಿ ಗುಳಿಗೆ ಮಾತ್ರ ಬಿಡಬೇಡ್ರಪ್ಪಾ. ಸೆಂಟರಿಗೆ ಹೋಗಿ ಬಾಯಿ ಬಿಟ್ಟು ಹೇಳಿ.


ದಾವಣಗೆರೆ ಟೀಚರ್ | ಸೋಮವಾರ, ರಾತ್ರಿ 8:44

ಅಕ್ಕಾ, ನನಗೆ ಅಸಿಡಿಟಿ ಮಾತ್ರೆ ಒಂದು ಬಿಟ್ಟರೆ ಏನೂ ಇಲ್ಲ. ಕೊನೇ ಪುಟ ಸಿಕ್ಕಿತು: ಕಾಲಿನ ಅಲುಗಾಟ ಗಂಟೆಗೆ 22. ಇದರ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲ. ಮನೆಯವರನ್ನು ಕೇಳಿದೆ. ‘ನೀನು ರಾತ್ರಿ ಸೈಕಲ್ ಹೊಡೀತೀಯ, ನಾನು ಅಭ್ಯಾಸ ಮಾಡ್ಕೊಂಡಿದೀನಿ’ ಅಂದರು. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ ಮಹಾರಾಯ!


ರಾತ್ರಿಪಾಳಿ | ಸೋಮವಾರ, ರಾತ್ರಿ 9:02

15 ದಾಟಿದರೆ ದೊಡ್ಡವರಲ್ಲಿ ಜಾಸ್ತಿ ಅಂತ ಲೆಕ್ಕ. ಮೊದಲು ಫೆರಿಟಿನ್ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದೆ ಅಂತ ಸುಮ್ಮನಾಗಬೇಡಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವುದು ಫೆರಿಟಿನ್.


ಸತ್ಯ ಹೇಳ್ತೀನಿ | ಸೋಮವಾರ, ರಾತ್ರಿ 10:15

ಎಲ್ಲಾ ಲಸಿಕೆಯಿಂದಲೇ. ಯಾರೂ ಹೇಳಲ್ಲ ಅಷ್ಟೇ. ಹಂದಿಜ್ವರದ ಲಸಿಕೆಯಿಂದ ನಿದ್ದೆ ರೋಗ ಬಂದಿದ್ದು ಮರೆತುಬಿಟ್ರಾ?


ದಾವಣಗೆರೆ ಟೀಚರ್ | ಸೋಮವಾರ, ರಾತ್ರಿ 10:21

ನನಗೆ ಕಾಯಿಲೆ ಬಂದಾಗ ಒಂದು ಡೋಸೂ ಆಗಿರಲಿಲ್ಲ ಸಾರ್. ಸ್ಲಾಟ್ ಸಿಗದೆ ಒದ್ದಾಡುತ್ತಿದ್ದೆವು.


ಜೀವಶಾಸ್ತ್ರ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 5:50

ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ. ವಾಕಿಂಗಿಗೆ ಮಳೆ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಹಂದಿಜ್ವರದ ಲಸಿಕೆ ವಿಷಯ ಅರ್ಧ ನಿಜ, ಅದನ್ನು ಪೂರ್ತಿ ಹೇಳಬೇಕು. 2009-10ರಲ್ಲಿ ಯೂರೋಪಿನಲ್ಲಿ ಕೊಟ್ಟ ಪ್ಯಾಂಡೆಮ್ರಿಕ್ಸ್ ಎಂಬ ಒಂದು ಲಸಿಕೆಯ ನಂತರ, ಫಿನ್ಲೆಂಡ್ ಮತ್ತು ಸ್ವೀಡನ್ನಿನಲ್ಲಿ ಮುಖ್ಯವಾಗಿ ಮಕ್ಕಳಲ್ಲಿ ನಾರ್ಕೊಲೆಪ್ಸಿ ಹೆಚ್ಚಾದದ್ದು ಹೌದು. ಕೂತಲ್ಲೇ ನಿದ್ದೆಗೆ ಬೀಳುವ ರೋಗ ಅದು. ಆದರೆ ಚೀನಾದಲ್ಲಿ ಲಸಿಕೆ ಹಾಕಿಸಿಕೊಳ್ಳದವರಲ್ಲೂ ಆ ಜ್ವರದ ಅಲೆ ಬಂದುಹೋದ ಕೆಲವು ತಿಂಗಳಿಗೆ ಇದೇ ರೋಗ ಏರಿತು. ಈ ರೋಗದಲ್ಲಿ ಸಾಯುವುದು ಮಿದುಳಿನ ಬುಡದ ಹೈಪೋಥಲಾಮಸ್ ಎಂಬ ಭಾಗದಲ್ಲಿ ಒರೆಕ್ಸಿನ್ ಎಂಬ ರಸಾಯನ ತಯಾರಿಸುವ ಜೀವಕೋಶಗಳು. ನಮ್ಮನ್ನು ಎಚ್ಚರವಾಗಿ ಹಿಡಿದಿಡುವ ಈ ಒರೆಕ್ಸಿನ್ ಪತ್ತೆಯಾದದ್ದು 1998ರಲ್ಲಿ. ವೈರಸ್ಸಿನ ವಿರುದ್ಧ ಹೊರಟ ನಮ್ಮದೇ ಸೈನ್ಯ ತಪ್ಪಿ ಇವುಗಳ ಮೇಲೆ ಬಿದ್ದಿತು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಎಲ್ಲ ಲಸಿಕೆಗೂ ಇದನ್ನು ಎಳೆದು ಕಟ್ಟುವುದು ಸರಿಯಲ್ಲ.

ಟೀಚರ್ ಕೇಳಿದ ಮೂಲ ಪ್ರಶ್ನೆಗೆ ಬರುತ್ತೇನೆ. ವೈರಸ್ ಮಿದುಳಿನೊಳಗೆ ಹೋಗಲೇಬೇಕಾ? ಬೇಡ. ಜಪಾನಿನ ಇಶಿಮೊರಿ 1909ರಲ್ಲಿ, ಆಮೇಲೆ ಫ್ರಾನ್ಸಿನ ಪಿಯೆರಾನ್, ನಾಯಿಗಳನ್ನು ದಿನಗಟ್ಟಲೆ ಮಲಗಲು ಬಿಡದೆ, ಅವುಗಳ ಮಿದುಳಿನ ಸಾರವನ್ನೋ ದ್ರವವನ್ನೋ ಬೇರೆ ನಾಯಿಗಳಿಗೆ ಕೊಟ್ಟರು. ಆ ನಾಯಿಗಳು ತೂಕಡಿಸಿದವು. (ಪಾಪದ ನಾಯಿಗಳು. ಇವತ್ತು ಇಂಥ ಪ್ರಯೋಗಕ್ಕೆ ಅನುಮತಿ ಸಿಗಲಿಕ್ಕಿಲ್ಲ.) ನಿದ್ದೆಗೆ ಒಂದು ರಸಾಯನ ಇದೆ ಅಂತ ಹುಡುಕಾಟ ಅಲ್ಲಿಂದ ಶುರು. ಎಂಬತ್ತರ ದಶಕದಲ್ಲಿ ಅಮೆರಿಕದ ಜೇಮ್ಸ್ ಕ್ರೂಗರ್ ತಂಡ ಮೊಲಗಳಿಗೆ ಇಂಟರ್‌ಲ್ಯೂಕಿನ್-1 ಕೊಟ್ಟಾಗ ಡೆಲ್ಟಾ ನಿದ್ದೆ ಏರಿತು. ಇಂಟರ್‌ಲ್ಯೂಕಿನ್ ಏನು? ಸೋಂಕು ಬಂದಾಗ ರಕ್ಷಣಾ ಕಣಗಳು ಒಂದಕ್ಕೊಂದು ಕಳಿಸುವ ಓಲೆ. ಜ್ವರ ಬಂದಾಗ ಕಂಬಳಿ ಹೊದ್ದು ಮಲಗಿಬಿಡೋಣ ಅನ್ನಿಸುತ್ತದಲ್ಲ, ಅದು ಸೋಮಾರಿತನವಲ್ಲ. ಓಲೆ ಮಿದುಳಿಗೆ ತಲುಪಿದೆ.

ನಾಲ್ಕು ದಿನದ ಜ್ವರಕ್ಕೆ ಇದು ಸರಿ. ತಿಂಗಳು, ವರ್ಷ ಓಲೆ ಬರುತ್ತಲೇ ಇದ್ದರೆ? ಆಗ ಅದೇ ರಸಾಯನಗಳು ನಿದ್ದೆಯನ್ನು ಒಡೆಯುತ್ತವೆ, ಕನಸಿನ ನಿದ್ದೆಯನ್ನು ಕೊರೆಯುತ್ತವೆ. ಎಚ್‌ಐವಿ, ಹೆಪಟೈಟಿಸ್ ಸಿ ಇಂಥವುಗಳಲ್ಲಿ ವೈರಸ್ ಒಳಗೇ ಉಳಿದಿರುತ್ತದೆ. ಕೋವಿಡ್‌ನಲ್ಲಿ ವೈರಸ್ ಹೋದರೂ ಸೈನ್ಯ ಪೂರ್ತಿ ಬ್ಯಾರಕ್ಕಿಗೆ ಮರಳಿಲ್ಲ ಅನ್ನುವುದು ಒಂದು ವಾದ. ಬೇರೆ ವಾದಗಳೂ ಇವೆ.

ಹಳೆಯ ಕಥೆ ಒಂದು. 1917ರಲ್ಲಿ ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಒಂದು ವಿಚಿತ್ರ ಮಿದುಳು ಜ್ವರದ ಬಗ್ಗೆ ಬರೆದ. ಹೆಚ್ಚಿನವರು ವಾರಗಟ್ಟಲೆ ಮಲಗಿಯೇ ಇದ್ದರು. ಕೆಲವರಿಗೆ ತದ್ವಿರುದ್ಧ, ನಿದ್ದೆಯೇ ಇಲ್ಲ. ಸತ್ತವರ ಮಿದುಳು ತೆರೆದು ನೋಡಿದಾಗ, ಮಲಗಿದವರಲ್ಲಿ ಹೈಪೋಥಲಾಮಸ್ಸಿನ ಹಿಂಭಾಗ ಕೆಟ್ಟಿತ್ತು. ನಿದ್ದೆಗೆಟ್ಟವರಲ್ಲಿ ಮುಂಭಾಗ. ನಿದ್ದೆಗೂ ಎಚ್ಚರಕ್ಕೂ ಬೇರೆ ಬೇರೆ ಗುಂಡಿ ಇದೆ ಅಂತ, ಇಇಜಿ ಬರುವ ಮೊದಲೇ, ಆತ ಹೇಳಿದ. ಆ ಜ್ವರಕ್ಕೆ ವೈರಸ್ಸೇ ಕಾರಣ ಅಂತ ಇವತ್ತಿಗೂ ಸಾಬೀತಾಗಿಲ್ಲ, ನೆನಪಿರಲಿ.


ಲೆಕ್ಕ ಕೇಳುವವನು | ಮಂಗಳವಾರ, ಬೆಳಿಗ್ಗೆ 9:05

ಮೇಷ್ಟ್ರೇ, ಕೊನೇ ವಾಕ್ಯಕ್ಕೆ ಕೈ ಮುಗಿದೆ.


ಮದ್ದೂರು ವಡೆ | ಮಂಗಳವಾರ, ಮಧ್ಯಾಹ್ನ 1:10

ಹೆಪಟೈಟಿಸ್ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಪ್ಪನಿಗೆ ಹೆಪಟೈಟಿಸ್ ಬಿ ಇತ್ತು. ಗೊತ್ತಾಗುವ ಹೊತ್ತಿಗೆ ಲಿವರ್ ಗಟ್ಟಿಯಾಗಿತ್ತು. ಮೊದಲು ಕೆಟ್ಟಿದ್ದು ನಿದ್ದೆಯೇ. ಹಗಲೆಲ್ಲ ಜಗಲಿ ಮೇಲೆ ತೂಕಡಿಕೆ, ರಾತ್ರಿ ಎರಡು ಗಂಟೆಗೆ ಎದ್ದು ಹಸುವಿಗೆ ಹುಲ್ಲು ಹಾಕುವುದು. ವಯಸ್ಸಾಯ್ತು ಅಂದುಕೊಂಡೆವು.

ನನಗೆ ಅನುಮಾನ ಬಂದದ್ದು ಡೈರಿಯ ಹಾಲಿನ ಪುಸ್ತಕ ನೋಡಿದಾಗ. ಅಪ್ಪನ ಸಹಿ ಮೂವತ್ತು ವರ್ಷದಿಂದ ಒಂದೇ ಥರ, ಕೊನೆಯಲ್ಲಿ ಒಂದು ಬಾಲ ಎಳೆಯುತ್ತಿದ್ದರು. ಆ ತಿಂಗಳ ಪುಟದಲ್ಲಿ ದಿನದಿಂದ ದಿನಕ್ಕೆ ಅಕ್ಷರ ಅಡ್ಡಾದಿಡ್ಡಿ. ಕೊನೇ ವಾರದಲ್ಲಿ ಸಹಿ ಗೆರೆಯಿಂದ ಕೆಳಗಿಳಿದು ಪಕ್ಕದ ಕಾಲಂಗೆ ಹೋಗಿತ್ತು. ಆಸ್ಪತ್ರೆಗೆ ಕರೆದೊಯ್ದಾಗ ಒಂದರಿಂದ ಇಪ್ಪತ್ತೈದರವರೆಗೆ ಚುಕ್ಕಿ ಸೇರಿಸಲು ಕೊಟ್ಟರು. ಏಳರಿಂದ ಹನ್ನೊಂದಕ್ಕೆ ಹಾರಿದರು. ಲಿವರ್ ಶುದ್ಧ ಮಾಡಬೇಕಾದ ಅಮೋನಿಯ ಮಿದುಳಿಗೆ ಹೋಗುತ್ತಿದೆ ಅಂದರು. ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ಭೇದಿ ಮಾಡಿಸಿದ ನಾಲ್ಕನೇ ದಿನ ಅಪ್ಪ ‘ಹಾಲು ಎಷ್ಟು ಹಾಕ್ದೆ?’ ಅಂತ ಕೇಳಿದರು. ಅಷ್ಟೇ, ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಲಿವರ್ ತೊಂದರೆ ಇದ್ದವರಿಗೆ ಹಗಲು ರಾತ್ರಿ ಅದಲುಬದಲಾದರೆ ಕಾಯಬೇಡಿ. ನಿದ್ದೆ ಮಾತ್ರೆಯಂತೂ ನಿಮ್ಮಷ್ಟಕ್ಕೆ ಕೊಡಲೇಬೇಡಿ.


ಹುಣಸೆಮರ | ಮಂಗಳವಾರ, ರಾತ್ರಿ 8:00

2006ರ ಚಿಕೂನ್‌ಗುನ್ಯಾ ನೆನಪಿದೆಯಾ ಯಾರಿಗಾದರೂ? ನಮ್ಮೂರಲ್ಲಿ ಮನೆಗಿಬ್ಬರು ಕೋಲು ಹಿಡಿದು ನಡೆಯುತ್ತಿದ್ದರು. ನಮ್ಮಜ್ಜಿಗೆ ಎರಡು ವರ್ಷ ರಾತ್ರಿ ಮಗ್ಗುಲು ಬದಲಿಸುವುದೇ ಆಗುತ್ತಿರಲಿಲ್ಲ. ಪ್ರತಿ ಸಲ ‘ಅಯ್ಯೋ ಶಿವನೇ’ ಅನ್ನುತ್ತಿದ್ದಳು, ಬೆಳಿಗ್ಗೆ ಕೇಳಿದರೆ ‘ಚೆನ್ನಾಗಿ ಮಲಗಿದ್ದೆನಲ್ಲ’ ಅಂತಿದ್ದಳು. ಅವಳ ಇಇಜಿ ತೆಗೆದಿದ್ದರೆ ಏನು ಕಾಣುತ್ತಿತ್ತೋ.


ರಾತ್ರಿಪಾಳಿ | ಬುಧವಾರ, ಬೆಳಗಿನ ಜಾವ 4:20

ಅಜ್ಜಿ ಹೇಳಿದ್ದು ಸುಳ್ಳಲ್ಲ. ಮೂರು, ಹತ್ತು ಸೆಕೆಂಡು ಎಚ್ಚರವಾದರೆ ಬೆಳಿಗ್ಗೆಗೆ ನೆನಪೇ ಇರುವುದಿಲ್ಲ. ಪರದೆ ಮೇಲೆ ಮಾತ್ರ ಕಾಣುತ್ತದೆ.

ಈ ಚರ್ಚೆ ಓದುತ್ತಾ ನನಗೆ ನೆನಪಾದದ್ದು ತರಬೇತಿ ಸಮಯದಲ್ಲಿ ನೋಡಿದ ಒಂದು ಇಇಜಿ. ದಡಾರದ ವೈರಸ್ ಕೆಲವು ಮಕ್ಕಳಲ್ಲಿ ಪೂರ್ತಿ ಹೋಗದೆ ಮಿದುಳಿನಲ್ಲಿ ಅಡಗಿ, ಆರು, ಎಂಟು, ಹತ್ತು ವರ್ಷದ ಮೇಲೆ ಏಳುತ್ತದೆ. ಎಸ್‌ಎಸ್‌ಪಿಇ ಅಂತಾರೆ. ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ದಶಕಗಳಿಂದ ನೋಡುತ್ತಿದ್ದಾರೆ. ಮೊದಲು ಓದಿನಲ್ಲಿ ಹಿಂದೆ ಬೀಳುವುದು, ಕೈಯಿಂದ ತಟ್ಟೆ ಜಾರುವುದು, ಆಮೇಲೆ ತಲೆ ಅಥವಾ ಮೈ ಪದೇ ಪದೇ ಬೆಚ್ಚುವುದು.

ನಾನು ನೋಡಿದ್ದು ಹನ್ನೆರಡು ವರ್ಷದ ಹುಡುಗನದು. ಕೆಲವೇ ಸೆಕೆಂಡಿಗೊಮ್ಮೆ, ಗಡಿಯಾರ ಹೊಡೆದ ಹಾಗೆ, ಎಲ್ಲ ಚಾನೆಲ್ಲುಗಳಲ್ಲೂ ಒಟ್ಟಿಗೆ ಒಂದು ದೊಡ್ಡ ಅಲೆ. ಅದು ಬಂದಾಗಲೆಲ್ಲ ಹುಡುಗನ ಕತ್ತು ಮುಂದಕ್ಕೆ ಬಾಗುತ್ತಿತ್ತು. ಹುಡುಗ ಮಲಗಿದ. ಬೆಚ್ಚುವುದು ನಿಂತಿತು. ಅವನ ತಾಯಿ ‘ನೋಡಿ ಸಾರ್, ನಿದ್ದೆಯಲ್ಲಿ ಎಷ್ಟು ಸಮಾಧಾನವಾಗಿದಾನೆ’ ಅಂದರು. ನಾನು ಪರದೆ ನೋಡುತ್ತಿದ್ದೆ. ಅಲೆ ನಿಂತಿರಲಿಲ್ಲ. ಅದೇ ಲೆಕ್ಕಕ್ಕೆ ಬರುತ್ತಲೇ ಇತ್ತು. ಆ ಅಮ್ಮನಿಗೆ ನಾನು ‘ಹೌದಮ್ಮ’ ಅಂದೆ.

ದಡಾರದ ಚುಚ್ಚುಮದ್ದು ಹಾಕಿಸಿದರೆ ಈ ರೋಗ ಬರದ ಹಾಗೆ ತಡೆಯಬಹುದು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮೇಲೆ ಒಬ್ಬರು ‘ಎಲ್ಲಾ ಲಸಿಕೆಯಿಂದಲೇ’ ಅಂತ ಬರೆದಿದ್ದರಲ್ಲ, ಅವರಿಗೆ ಹೇಳುತ್ತಿದ್ದೇನೆ.


ಟೊರೊಂಟೊ ಚಳಿ | ಬುಧವಾರ, ಬೆಳಿಗ್ಗೆ 7:30

ಟೀಚರ್ ಅವರೇ, ನಿಮ್ಮ ಮೊದಲ ಪೋಸ್ಟಿನಲ್ಲಿ ಭಾನುವಾರದ ಕೆಲಸದಿಂದ ಎರಡು ದಿನ ಮಲಗುವ ಹಾಗಾಗುತ್ತದೆ ಅಂದಿರಿ. ಅದು ಆಲ್ಫಾಕ್ಕಿಂತ ಮುಖ್ಯ ಇರಬಹುದು. ಆರು ತಿಂಗಳಿಗಿಂತ ಹೆಚ್ಚು ಕಾಲ ಇಳಿದ ಶಕ್ತಿ, ಸ್ವಲ್ಪ ದಣಿದರೂ ಆಮೇಲೆ ಹದಗೆಡುವುದು, ಮಲಗಿದರೂ ಹೋಗದ ಆಯಾಸ. ಅಮೆರಿಕದಲ್ಲಿ 2015ರಲ್ಲಿ, ಬಿಡದೆ ಕಾಡುವ ಆಯಾಸದ ರೋಗವಾದ ಎಂಇ/ಸಿಎಫ್‌ಎಸ್ ಗುರುತಿಸಲು ಮಾಡಿದ ಪಟ್ಟಿಯಲ್ಲಿ ಈ ಮೂರೂ ಇರಲೇಬೇಕು ಅಂತಿದೆ. ಜೊತೆಗೆ ಮಂಕು ಕವಿದಂಥ ಯೋಚನೆ, ಅಥವಾ ಎದ್ದು ನಿಂತರೆ ಹೆಚ್ಚಾಗುವ ತೊಂದರೆ, ಎರಡರಲ್ಲಿ ಒಂದು. ‘ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಏರಿಸಿ’ ಅನ್ನುವ ಹಳೇ ಸಲಹೆಯನ್ನು ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿದೆ. ಇದ್ದ ಶಕ್ತಿಯನ್ನು ಸಂಬಳದ ಹಾಗೆ ತಿಂಗಳ ಕೊನೆಯವರೆಗೆ ಹಂಚಿಕೊಂಡು ಖರ್ಚು ಮಾಡಿ ಅನ್ನುವುದು ಈಗಿನ ದಾರಿ. ಡಾಕ್ಟರಿಗೆ ಈ ಹೆಸರು ಹೇಳಿ ಕೇಳಿ ನೋಡಿ.


ದಾವಣಗೆರೆ ಟೀಚರ್ | ಏಳು ವಾರದ ನಂತರ, ಶನಿವಾರ, ಸಂಜೆ 5:15

ಎಲ್ಲರೂ ಮರೆತಿರಬಹುದು. ಏನಾಯ್ತು ಅಂತ ಹೇಳದೆ ಹೋದರೆ ಸರಿಯಲ್ಲ.

ಫೆರಿಟಿನ್ 11 ಬಂತು! ಹಿಮೋಗ್ಲೋಬಿನ್ ಸರಿಯಾಗೇ ಇತ್ತು. ಬೇರೆ ಡಾಕ್ಟರ್ ಸಿಕ್ಕರು, ನಲವತ್ತು ನಿಮಿಷ ಕೂರಿಸಿಕೊಂಡು ಕೇಳಿದರು. ಕಬ್ಬಿಣದ ಮಾತ್ರೆ ಶುರುವಾಗಿದೆ. ಊಟದ ಜೊತೆ ಕಾಫಿ ಬಂದ್. ಅಸಿಡಿಟಿ ಮಾತ್ರೆಯೂ ಕಬ್ಬಿಣ ಹೀರಲು ಬಿಡುವುದಿಲ್ಲವಂತೆ, ಅದನ್ನೂ ನಿಲ್ಲಿಸಿ ನೋಡೋಣ ಅಂದರು. ಮನೆಯವರ ಪ್ರಕಾರ ಸೈಕಲ್ ಹೊಡೆಯುವುದು ಅರ್ಧ ಕಡಿಮೆಯಾಗಿದೆ. ಬೆಳಿಗ್ಗೆ ಏಳುವಾಗ ಮದುವೆ ಮನೆ ಪಾತ್ರೆ ಇನ್ನೂ ಇದೆ, ಆದರೆ ಈಗ ಸಣ್ಣ ಮದುವೆ.

ಪೂರ್ತಿ ಹೋಗಿಲ್ಲ. ಕಬ್ಬಿಣ ಸರಿಯಾದ ಮೇಲೂ ಉಳಿಯುವುದು ಎಷ್ಟು ಅಂತ ಆಮೇಲೆ ನೋಡೋಣ, ಅದು ವೈರಸ್ಸಿನ ಪಾಲು ಇರಬಹುದು ಅಂದರು. ಲೆಕ್ಕ ಕೇಳುವವರಿಗೆ ಈ ಮಾತು ಇಷ್ಟವಾಗಬಹುದು! ಭಾನುವಾರದ ಬಟ್ಟೆಯನ್ನು ಬುಧವಾರಕ್ಕೂ ಭಾನುವಾರಕ್ಕೂ ಹಂಚಿದ್ದೇನೆ. ಮಾರ್ಕೆಟ್ ಮನೆಯವರದು. ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಪಾಠ ಮಾಡುತ್ತೇನೆ. ಮೊದಲು ನಾಚಿಕೆಯಾಯಿತು, ಈಗ ಮಕ್ಕಳೇ ಕುರ್ಚಿ ತಂದಿಡುತ್ತಾರೆ.

ಮೂರು ತಿಂಗಳ ಮೇಲೆ ಇನ್ನೊಂದು ಸ್ಲೀಪ್ ಸ್ಟಡಿ ಅಂತೆ. ಈ ಸಲ ಆಲ್ಫಾ ಬಗ್ಗೆ ಷರಾದಲ್ಲಿ ಬರೆಯಿರಿ ಅಂತ ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ. ರಾತ್ರಿಪಾಳಿಯವರೇ, ಹೋಗುವ ಮುಂಚೆ ನಾನೇನಾದರೂ ತಯಾರಿ ಮಾಡಿಕೊಳ್ಳಬೇಕಾ?


ರಾತ್ರಿಪಾಳಿ | ಭಾನುವಾರ, ಬೆಳಗಿನ ಜಾವ 2:37

ಮಧ್ಯಾಹ್ನದ ಮೇಲೆ ಕಾಫಿ ಬೇಡ. ಹಗಲು ಮಲಗಬೇಡಿ. ನಿಮ್ಮದೇ ದಿಂಬು ತಗೊಂಡು ಹೋಗಿ. ತಲೆಸ್ನಾನ ಮಾಡಿ, ಆದರೆ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ ಮೇಡಂ, ದಮ್ಮಯ್ಯ. ಒಂದು ವೈರೂ ನಿಲ್ಲುವುದಿಲ್ಲ.